ಒಬ್ಬಟ್ಟಿನ ವೆಬ್‌ಸೈಟೂ ಒಣಗದ ಚೆಂಡುಹೂವೂ

ಬ್ರೌಸರಿನ ನಾಡಿ ಹಿಡಿದು ರೋಗ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಆಫೀಸಿನಲ್ಲಿ ಯಾರೂ ಇಲ್ಲ. ಇದು ಜಂಬವಲ್ಲ, ಮಾಹಿತಿ! ಹಾಗಾಗಿ ನನ್ನ ಹೆಂಡತಿ ವೀಣಾ, "ರೀ, ನಮ್ಮ ಆರ್ಡರ್ ಪುಟ ಮಧ್ಯಾಹ್ನದ ಹೊತ್ತಿಗೆ ನಿಂತೇ ಹೋಗತ್ತೆ" ಎಂದಾಗ ನಕ್ಕುಬಿಟ್ಟೆ.

ವೀಣಾ ಪದ್ಮನಾಭನಗರದ ನಮ್ಮ ಮನೆಯಿಂದಲೇ ಒಬ್ಬಟ್ಟು ಮಾಡಿ ಮಾರುತ್ತಾಳೆ. ಆರ್ಡರ್ ಬರುವ ವೆಬ್‌ಸೈಟ್ ನನ್ನದೇ ಸೃಷ್ಟಿ. ಅಡುಗೆಮನೆ ಕಟ್ಟೆಯ ಮೇಲಿನ ಹಳೇ ಲ್ಯಾಪ್‌ಟಾಪಿನಲ್ಲಿ ಅದು ದಿನವಿಡೀ ತೆರೆದೇ ಇರುತ್ತದೆ. ಅದರ ಹಿಂದಿನ ಭಾನುವಾರ ಅದು ಸ್ತಬ್ಧವಾಗಿ, ಚಿಕ್ಕಲಸಂದ್ರದ ಒಂದು ನಾಮಕರಣದ ಆರ್ಡರ್ ಕಾಣಿಸಲೇ ಇಲ್ಲ. ಎಲೆ ಮುಂದೆ ಕೂತ ನೆಂಟರಿಗೆ ಒಬ್ಬಟ್ಟಿಲ್ಲ!

"ಗೌರಿ ಹಬ್ಬಕ್ಕೂ ಹೀಗಾದ್ರೆ ನಾನು ಈ ಏರಿಯಾದಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗಲ್ಲ" ಎಂದು ವೀಣಾ ಕಣ್ಣೊರೆಸಿಕೊಂಡಳು.

"ಹೆದರ್ಕೋಬೇಡ. ಇದು ಮೆಮೊರಿ ಸೋರಿಕೆ, ಬೇಡದ್ದೆಲ್ಲ ಒಳಗೇ ಉಳ್ಕೊಂಡು ಜಾಗ ತುಂಬ್ತಿದೆ. ಕಾಫಿ ಕುಡಿಯೋಷ್ಟರಲ್ಲಿ ಹಿಡೀತೀನಿ" ಎಂದೆ.

ಮೊದಲ ಆರೋಪಿ, ಅವಳೇ ತೆಗೆದ ಒಬ್ಬಟ್ಟಿನ ಫೋಟೋಗಳು. "ಇಷ್ಟು ದೊಡ್ಡ ಫೋಟೋ ಹಾಕಿದ್ರೆ ಯಾವ ಬ್ರೌಸರ್ ಜೀರ್ಣಿಸ್ಕೊಳ್ಳತ್ತೆ?" ಎಂದು ಎಲ್ಲವನ್ನೂ ಅಳಿಸಿದೆ. ಮಧ್ಯಾಹ್ನ ಪುಟ ನಿಂತಿತು. ಎರಡನೇ ಆರೋಪಿ ಲ್ಯಾಪ್‌ಟಾಪ್. ಜಯನಗರಕ್ಕೆ ಹೋಗಿ ಹೊಸ ಮೆಮೊರಿ ಹಾಕಿಸಿಕೊಂಡು ಬಂದೆ. ಈಗ ಪುಟ ಮಧ್ಯಾಹ್ನದ ಬದಲು ಸಂಜೆ ನಿಂತಿತು.

"ಸುಧಾರಣೆ!" ಎಂದೆ. ವೀಣಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಆಮೇಲೆ, ಗಿರಾಕಿಗಳು ಪ್ರಶ್ನೆ ಕೇಳುವ ಚಾಟ್ ಪೆಟ್ಟಿಗೆಯ ಮೇಲೆ ಅನುಮಾನ ಬಂದು ಅದನ್ನೂ ಕಿತ್ತೆ. ಪುಟ ನಿಲ್ಲುವುದು ನಿಲ್ಲಲಿಲ್ಲ. ಗಿರಾಕಿಗಳು ಮಾತ್ರ ಫೋನ್ ಮಾಡತೊಡಗಿದರು. ಪುಟದಲ್ಲಿದ್ದ ನಂಬರ್ ನನ್ನದು! ಆಫೀಸಿನ ಮೀಟಿಂಗ್ ನಡುವೆ ಎದ್ದು ಹೋಗಿ ಕಾಯಿ ಒಬ್ಬಟ್ಟಿಗೂ ಬೇಳೆ ಒಬ್ಬಟ್ಟಿಗೂ ಇರುವ ವ್ಯತ್ಯಾಸವನ್ನು ಸವಿಸ್ತಾರವಾಗಿ ನಿವೇದಿಸಬೇಕಾಯಿತು.

ಕೊನೆಗೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಬ್ರೌಸರಿನ ಮೆಮೊರಿಯಲ್ಲಿ ಬೆಳಗ್ಗೆ ಏನೇನಿತ್ತು, ಸಂಜೆ ಏನೇನಿದೆ ಎಂದು ಪಕ್ಕಪಕ್ಕ ಇಟ್ಟು ನೋಡಿದೆ. ಚೆಂಡುಹೂ! ರಾಶಿ ರಾಶಿ ಚೆಂಡುಹೂ! ಪುಟದ ಮೇಲ್ಭಾಗದಲ್ಲಿ ತೂಗಾಡುವ ಹೂವಿನ ತೋರಣವೊಂದಿತ್ತು. ಆರ್ಡರ್ ಬಂದಾಗಲೆಲ್ಲ ಪುಟ ಹೊಸ ತೋರಣ ಕಟ್ಟುತ್ತಿತ್ತು. ಹಳೆಯದು ಪರದೆಯಿಂದ ಮಾಯವಾದರೂ, ಅದನ್ನು ತೂಗಾಡಿಸುವ ಟೈಮರ್ ಅದನ್ನು ಬಿಡದೆ ಮೆಮೊರಿಯಲ್ಲಿ ಹಿಡಿದುಕೊಂಡಿತ್ತು.

"ಸಿಕ್ಕಿಬಿದ್ದ ಕಳ್ಳ!" ಎಂದು ಅಡುಗೆಮನೆಗೆ ಓಡಿದೆ. ಅಲ್ಲಿ ಬೇಳೆ ಆರಿಸುತ್ತಿದ್ದ ನಮ್ಮತ್ತೆ ಕೈಗೆ ಸಿಕ್ಕರು.

"ಅತ್ತೆ, ದೇವರ ಮೇಲಿನ ನಿರ್ಮಾಲ್ಯ ತೆಗೀತೀರಲ್ಲ, ಅದನ್ನ ಗಿಡಕ್ಕೆ ಹಾಕ್ದೆ ದಿನಾ ದೇವರ ಮನೇಲೇ ಮೂಲೆಗೆ ತುರುಕ್ತಾ ಹೋದ್ರೆ?"

"ಅಯ್ಯೋ, ಕಾಲಿಡಕ್ಕೂ ಜಾಗ ಇರಲ್ಲ."

"ಅದೇ ಆಗಿರೋದು! ಈ ತೋರಣ ಥರ್ಡ್ ಪಾರ್ಟಿದು. ಅಂದ್ರೆ, ಹೊರಗಿನವರು ಮಾಡಿದ್ದು. ತಪ್ಪು ಅವರದು!"

"ಯಾರು ಅವರು?"

"ಗೊತ್ತಿಲ್ಲ. ಇಂಟರ್ನೆಟ್ಟಲ್ಲಿ ಬಿಟ್ಟಿ ಸಿಕ್ತು."

"ಗುರುತು ಪರಿಚಯ ಇಲ್ದೋರ ತೋರಣ ತಂದು ನಮ್ಮ ಬಾಗಿಲಿಗೆ ಕಟ್ಟಿದ್ದು ಯಾರು, ಅಳಿಯಂದ್ರೇ?"

ನನಗೆ ಆ ಕ್ಷಣವೇ ನೀರಿನ ಮೋಟಾರ್ ಆಫ್ ಮಾಡುವುದು ನೆನಪಾಯಿತು.

ಹಳೇ ತೋರಣ ಇಳಿದೊಡನೆ ಅದರ ಟೈಮರನ್ನೂ ನಿಲ್ಲಿಸುವಂತೆ ಒಂದು ಸಾಲು ಬರೆದೆ, ಅಷ್ಟೇ. ಹಬ್ಬದ ಹಿಂದಿನ ದಿನ ಪುಟ ಒಂದು ಕ್ಷಣವೂ ನಿಲ್ಲಲಿಲ್ಲ! ಮೆಮೊರಿ ಎಷ್ಟು ತುಂಬಿದೆಯೆಂದು ಪರದೆಯ ಮೇಲೆ ತೋರಿಸುವ ಗೆರೆ ಸಪಾಟಾಗಿ ಮಲಗಿತ್ತು. ನನ್ನ ಎದೆ ಉಬ್ಬಿತು.

"ನೋಡು ವೀಣಾ, ಗೆರೆ ಏರ್ತಾನೇ ಇಲ್ಲ!"

"ಗೆರೆ ಬಿಡ್ರೀ, ಆರ್ಡರ್ ನೋಡಿ!"

ಆರ್ಡರುಗಳು ದಬದಬನೆ ಬರುತ್ತಿದ್ದವು. 'ಇನ್ನು ಸಾಕು' ಎನ್ನುವ ಗುಂಡಿಯೊಂದನ್ನು ಇಡಬೇಕೆಂದು ಆ ಪುಟದ ಸೃಷ್ಟಿಕರ್ತನಿಗೆ ಹೊಳೆದೇ ಇರಲಿಲ್ಲ. ಆಫೀಸಿಗೆ ರಜೆ ಹಾಕಿ, ಪಂಚೆ ಎತ್ತಿ ಕಟ್ಟಿ, ಕಣಕ ನಾದಲು ಕೂತೆ. ಸಂಜೆಯೊಳಗೆ ಒಂದೂ ಆರ್ಡರ್ ತಪ್ಪದೆ ಎಲ್ಲರ ಒಬ್ಬಟ್ಟೂ ಸಿದ್ಧವಾಯಿತು. ವೀಣಾಳ ಮುಖದಲ್ಲಿ ನಗು ಕಂಡು ನಿಜಕ್ಕೂ ಹೆಮ್ಮೆಯಾಯಿತು.

ಆಗ ಎದುರು ಮನೆಯ ರಾಯರು ತಮ್ಮ ಒಬ್ಬಟ್ಟು ತೆಗೆದುಕೊಂಡು ಹೋಗಲು ಬಂದರು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ನನ್ನನ್ನು ಕಂಡು ಮರುಗಿದರು.

"ಕೆಲಸ ಹೋಯ್ತೇನಪ್ಪಾ?"

"ಛೇ ಛೇ, ಇಲ್ಲ ಸಾರ್!" ಎಂದು ಮೆಮೊರಿ, ಟೈಮರ್, ಇಳಿದರೂ ಹೋಗದ ಚೆಂಡುಹೂಗಳು, ನನ್ನ ಒಂದು ಸಾಲಿನ ಪವಾಡ, ಎಲ್ಲವನ್ನೂ ಕೈ ಆಡಿಸುತ್ತಾ ವಿವರಿಸಿದೆ. ರಾಯರು ತಾಳ್ಮೆಯಿಂದ ಕೇಳಿಸಿಕೊಂಡು ತಲೆಯಾಡಿಸಿದರು. ಗೇಟಿನ ಬಳಿ ವೀಣಾಳಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

"ಪಾಪ, ತುಂಬಾ ಮನಸ್ಸಿಗೆ ಹಚ್ಕೊಂಡಿದ್ದಾನಮ್ಮಾ. ಬೇರೆ ಕೆಲಸ ಸಿಗೋವರೆಗೂ ಬೈಬೇಡ."