ಅಡಕೊತ್ತಿನಲ್ಲಿ ಕತ್ತರಿಸಿದ ಗುಳಿಗೆ

ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಗು ಎಲ್ಲಿಂದ ಬರಬೇಕು ಎನ್ನುವವರು ಬಳ್ಳಾರಿಯ ನಮ್ಮ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಕೂತು ನೋಡಬೇಕು. ಅಳಲು ಬಂದವರೇ ನಗಿಸಿ ಹೋಗುತ್ತಾರೆ, ಆಮೇಲೆ ಅಳುವ ಸರದಿ ನಮ್ಮದು. ಅದು ಗಣಿಯ ಅಬ್ಬರದ ಕಾಲ. ಹೊಸ ಗುಳಿಗೆಯೊಂದರ ಪರೀಕ್ಷೆ ನಡೆದಿತ್ತು. ಬೇರೆಲ್ಲ ಔಷಧಿ ಸೋತವರಿಗೆ ಅದೊಂದೇ ಆಸೆ. ಆ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದು.

೧. ಬಂದ್ ಆದ ರಸ್ತೆ

ಕುರುಗೋಡಿನ ಲಾರಿ ಡ್ರೈವರ್‌ಗೆ ಕಿಡ್ನಿಯ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಡಾಕ್ಟರು ಅವನಿಗೆ ತಿಳಿಯುವಂತೆ ಹೇಳಹೋದರು: ರೋಗ ಬೆಳೆಯಲು ಹಲವು ದಾರಿಗಳಿವೆ, ಒಂದನ್ನು ಮುಚ್ಚಿದರೆ ಇನ್ನೊಂದರಲ್ಲಿ ನುಗ್ಗುತ್ತದೆ, ಈ ಗುಳಿಗೆ ನಾಲ್ಕಾರು ದಾರಿಗಳನ್ನು ಒಟ್ಟಿಗೇ ಬಂದ್ ಮಾಡುತ್ತದೆ.

ಅದಿರು ಹೊತ್ತು ತಿರುಗಿದವನಿಗೆ ಇದನ್ನು ಹೇಳಬೇಕೇ? ಮೇನ್ ರೋಡು ಮುಚ್ಚಿದರೆ ಹೊಲದಲ್ಲಿ, ಹೊಲ ಮುಚ್ಚಿದರೆ ಹಳ್ಳದಲ್ಲಿ ಲಾರಿ ಹಾಯಿಸಿದ ಆಸಾಮಿ. ನಾಕಾಬಂದಿ ದಾಟುತ್ತಿದ್ದ ಬಗೆಯನ್ನೂ ಮುಚ್ಚಿಡಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದ.

"ನಿಮ್ಮ ಗುಳಿಗಿ ಲಂಚ ತಗೊಳ್ಳೂದಿಲ್ಲ ಹೌದಿಲ್ರಿ?"

೨. ಕೆಂಪು ಅಂಗೈ

ಪರೀಕ್ಷೆಯ ನಿಯಮ ಕ್ರೂರವಾದದ್ದು, ನನಗೆ ಅದರ ಮೇಲೆ ಇಂದಿಗೂ ಸಿಟ್ಟಿದೆ. ಕೆಲವರಿಗೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಹಾಗೇ ಇರುವ, ಒಳಗೆ ಏನೂ ಇಲ್ಲದ ಗುಳಿಗೆ. ಇದನ್ನು ಎಲ್ಲರಿಗೂ ಹೇಳಿಯೇ ಒಪ್ಪಿಗೆ ಪಡೆದಿದ್ದೆವು. ಯಾರಿಗೆ ಯಾವುದೆಂದು ಮಾತ್ರ ಡಾಕ್ಟರಿಗೂ ಗೊತ್ತಿರಲಿಲ್ಲ. ನಿಜವಾದದ್ದು ತಿಂದರೆ ಅಂಗೈ ಕೆಂಪಾಗುವುದುಂಟು ಎಂಬ ಸುದ್ದಿ ಬೆಂಚಿನ ತುಂಬ ಹಬ್ಬಿತು.

ಒಂದು ದಿನ ಡ್ರೈವರ್ ಎರಡೂ ಅಂಗೈ ಎತ್ತಿ ಹಿಡಿದು ಬಂದ. ಕೆಂಪಗಿದ್ದವು. ಡಾಕ್ಟರ ಮುಖವೂ ಅರಳಿತು. ನಾನು ಕೈ ತೊಳೆದು ಬಾ ಎಂದೆ. ಬೆಳಿಗ್ಗೆ ಲಾರಿ ಮುಟ್ಟಿ ಬಂದಿದ್ದನೋ ಏನೋ, ನಲ್ಲಿಯ ಕೆಳಗೆ ಅದಿರಿನ ಕೆಂಪು ಧೂಳೆಲ್ಲ ಹರಿದುಹೋಗಿ ಎಂದಿನ ಅಂಗೈಯೇ ಉಳಿಯಿತು.

"ಮೇಡಮ್, ರೋಗಕ್ಕಿಂತ ನಿಮ್ಮ ಸಾಬೂನ ಕೆಟ್ಟ ಐತಿ ನೋಡ್ರಿ," ಎಂದ.

೩. ಪಾಲು

ಅದೇ ರೋಗದ ಇನ್ನೊಬ್ಬಳು ಸಿರುಗುಪ್ಪದ ಕಡೆಯವಳು, ಭತ್ತದ ಗದ್ದೆಯ ಮನೆಯ ಹೆಂಗಸು. ಎಲ್ಲರಿಗೂ ಅಕ್ಕ. ಪಕ್ಕದವರಿಗೆ ಕೊಡದೆ ಬಾಯಿಗೆ ಅಡಿಕೆ ಚೂರೂ ಹಾಕಿದವಳಲ್ಲ.

ಒಮ್ಮೆ ಚಹಾಕ್ಕೆಂದು ಕ್ಯಾಂಟೀನಿನ ಹಿಂದೆ ಹೋದೆ. ಅಕ್ಕ ಮತ್ತು ಡ್ರೈವರ್ ಕೂತು, ಇಬ್ಬರಿಗೂ ಕೊಟ್ಟ ಆ ತಿಂಗಳ ಗುಳಿಗೆಗಳನ್ನು ಅಡಿಕೆ ಕತ್ತರಿಸುವ ಅವಳ ಅಡಕೊತ್ತಿನಲ್ಲಿ ಎರಡೆರಡು ಹೋಳು ಮಾಡಿ ಹಂಚಿಕೊಳ್ಳುತ್ತಿದ್ದರು. ಒಂದು ತಿಂಗಳು ಕತ್ತರಿಸುವ ಪಾಳಿ ಅವಳದು, ಮರುತಿಂಗಳು ಅವನದು. ಮೊದಲ ದಿನದಿಂದಲೂ ಹೀಗೇ ನಡೆದಿತ್ತಂತೆ.

"ಇಬ್ಬರಾಗ ಒಬ್ಬರಿಗರ ಖರೇದು ಬಂದಿರತೈತಿ," ಎಂದಳು ಅಕ್ಕ. "ಒಬ್ಬರು ಪೂರಾ ಉಳಿಯೂದಕ್ಕಿಂತ ಇಬ್ಬರೂ ಅರ್ಧ ಅರ್ಧ ಉಳಿಯೂದು ಚಲೋ ಅಲ್ಲನು?"

ನಾನು ಡಾಕ್ಟರಿಗೆ ಹೇಳಲೇಬೇಕಾಯಿತು, ನಿಯಮ ಮುರಿದದ್ದಕ್ಕೆ ಇಬ್ಬರನ್ನೂ ಪರೀಕ್ಷೆಯಿಂದ ಕೈಬಿಟ್ಟರು. ಇಬ್ಬರದೂ ಯಾವ ಗುಳಿಗೆ ಎಂದು ಔಷಧಿ ಕಂಪನಿಯಿಂದ ಉತ್ತರ ಬಂತು. ಹೇಳುವ ಪಾಪ ನನ್ನ ತಲೆಗೇ ಬಂತು. ಇಬ್ಬರದೂ ಏನೂ ಇಲ್ಲದ ಗುಳಿಗೆ.

ಡ್ರೈವರ್ ಅಕ್ಕನ ಕಡೆ ತಿರುಗಿ ಕೂತ. ಆಮೇಲೆ ಮೆಲ್ಲಗೆ ಅಂದ, "ಅಕ್ಕಾ, ನನ್ನ ಪಾಳಿ ಬಂದಾಗ ದೊಡ್ಡ ತುಂಡು ನಾನ ಇಟ್ಕೊಂತಿದ್ದೆ. ನಿನ್ನ ಜೀವ ತಿನ್ನಾಕತ್ತೀನಿ ಅಂತ ನಿದ್ದಿ ಬರತಿದ್ದಿಲ್ಲ."

ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಇನ್ನ ಮ್ಯಾಲ ಆರಾಮ ಮಲ್ಕೊ ತಮ್ಮಾ. ನನ್ನ ಪಾಳ್ಯಾಗ ನಾನೂ ಹಂಗ ಮಾಡೀನಿ."