ರೀಟಾಳ ಬಿಳಿ ಶೂ ಮತ್ತು ನನ್ನ ರೋಮ್ ಸೈಕಲ್ ಯಾತ್ರೆ

ರೋಮ್ ನಗರವನ್ನು ಸೈಕಲ್ಲಿನಲ್ಲಿ ಸುತ್ತುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ನಾನು ಬಹಿರಂಗವಾಗಿ ಘೋಷಿಸಿದ್ದೆ. ನನಗೆ ಸೈಕಲ್ ಬರುತ್ತಿರಲಿಲ್ಲ ಎಂಬುದು ಬೇರೆ ವಿಷಯ!

ತಪ್ಪು ಮದುವೆಗೆ ಮುಂಚಿನದು. ದಿನಾ ಹತ್ತು ಮೈಲಿ ಸೈಕಲ್ ತುಳಿದು ಕಾಲೇಜಿಗೆ ಹೋಗುತ್ತಿದ್ದೆ ಎಂದು ರೀಟಾಳ ಹತ್ತಿರ ಕೊಚ್ಚಿಕೊಂಡಿದ್ದೆ. ತುಳಿಯುತ್ತಿದ್ದವನು ನನ್ನ ಗೆಳೆಯ. ನಾನು ಹಿಂದೆ ಕ್ಯಾರಿಯರ್ ಮೇಲೆ ಕೂತು ದಾರಿ ತೋರಿಸುತ್ತಿದ್ದೆ. ಅವಳು ಇದನ್ನು ನಂಬಿ ಇಪ್ಪತ್ತಾರು ವರ್ಷ ಸಂಸಾರ ಮಾಡಿದಳು, ಪಾಪ.

ರೀಟಾ ಆಕ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ವಾರ್ಡ್ ನರ್ಸ್, ನಾನು ಅಲ್ಲೇ ಲ್ಯಾಬಿನಲ್ಲಿ. 2012ರಲ್ಲಿ ಅವಳು ಒಂದು ಹಾಳೆ ಬರೆದು ಅಲ್ಲಿನ ಬಡಾವಣೆ ಮೌಂಟ್ ರಾಸ್ಕಿಲ್‌ನ ನಮ್ಮ ಮನೆಯ ಫ್ರಿಜ್ಜಿಗೆ ಅಂಟಿಸಿದಳು. ರೋಮಿನಲ್ಲಿ ಉಳಿದುಕೊಂಡು ಒಂದೊಂದು ದಿನದ ಮೂರು ಪ್ರವಾಸ. ರೈಲಿನಲ್ಲಿ ಹಳೆಯ ಬಂದರಿನ ಪಾಳು ಪಟ್ಟಣ, ಬಸ್ಸಿನಲ್ಲಿ ಕಾರಂಜಿಗಳ ತೋಟ, ಕೊನೆಗೆ ಊರಾಚೆಯ ಎರಡು ಸಾವಿರ ವರ್ಷದ ಕಲ್ಲುರಸ್ತೆಯಲ್ಲಿ ಸೈಕಲ್ ಸವಾರಿ.

“ರೀ, ಈ ವರ್ಷ ಹೋಗೋಣ್ವಾ?”

“ಮುಂದಿನ ವರ್ಷ ಗ್ಯಾರಂಟಿ!”

ಒಂದು ವರ್ಷ ನನ್ನ ಡ್ಯೂಟಿ ರೋಸ್ಟರ್ ಸರಿಯಿರಲಿಲ್ಲ. ಮರುವರ್ಷ ಮನೆಯ ಮರದ ಜಗಲಿಯ ರಿಪೇರಿ. ಅದರ ಮರುವರ್ಷ ಸುಮ್ಮನೆ. ನನಗೆ ಕಾರಣ ಗೊತ್ತಿತ್ತು: ಸೈಕಲ್ ಹತ್ತಿದರೆ ಬಣ್ಣ ಬಯಲಾಗುತ್ತಿತ್ತು!

ಕೊನೆಗೆ ಅವಳೇ ಒಂದು ಸೇಲಿನಲ್ಲಿ ಒಂದೇ ಥರದ ಎರಡು ಜೊತೆ ಬಿಳಿ ಶೂ ತಂದಳು, ನನಗೊಂದು, ತನಗೊಂದು. ತನ್ನದನ್ನು ರೋಮಿನಲ್ಲೇ ಮೊದಲು ಹಾಕುತ್ತೇನೆಂದು ಡಬ್ಬಿಯಲ್ಲೇ ಇಟ್ಟಳು. ಮಾರ್ಚಿನಲ್ಲಿ ಅವಳ ಕಾಯಿಲೆ ಗೊತ್ತಾಯಿತು. ಜುಲೈನಲ್ಲಿ, ತಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಮಲಗಿ, ನನ್ನ ಕೈ ಹಿಡಿದು ಹೇಳಿದಳು: “ನಾನಿಲ್ಲ ಅಂತ ಬಿಡ್ಬೇಡಿ. ನನ್ನ ಶೂನಾದ್ರೂ ಕರ್ಕೊಂಡು ಹೋಗಿ. ಬಾಯಿಮಾತು ನಂಬಲ್ಲ, ವಾಪಸ್ ಬಂದು ಶೂ ತಳ ತೋರಿಸಿ.”

ಅವಳು ಹೋದಮೇಲೆ ನಾನು ಸೈಕಲ್ ಕಲಿಯಲು ಕೂತೆ. ಕೂತೆ ಅನ್ನುವುದಕ್ಕಿಂತ ಬಿದ್ದೆ ಅನ್ನುವುದೇ ಸರಿ. ಪಕ್ಕದ ಮನೆಯ ಸಲ್ಮಾ ರೀಟಾಳ ವಾರ್ಡಿನ ನರ್ಸೇ, ಧಾರವಾಡದ ಕಡೆಯವಳು. ಬೇಲಿಯ ಆಚೆಯಿಂದ ಕೂಗಿದಳು: “ಅಣ್ಣಾರ, ಸೈಕಲ್ ಕಲಿಯಾಕತ್ತೀರೋ, ನಮ್ಮ ಬೇಲಿ ಮುರಿಯಾಕತ್ತೀರೋ?”

“ಎರಡೂ ನಡೀತಿದೆ ಸಲ್ಮಾ!”

ಅವಳು ನಗಲಿಲ್ಲ. ಬಂದು ಸೀಟು ಹಿಡಿದು ಹಿಂದೆ ಹಿಂದೆ ಓಡಿದಳು. ಐವತ್ಮೂರರ ವಯಸ್ಸಿಗೆ, ಹೆಲ್ಮೆಟ್ ಸಮೇತ, ನಾನು ಸವಾರನಾದೆ!

ರೋಮಿನ ಮೊದಲ ದಿನ ಪಾಳು ಪಟ್ಟಣಕ್ಕೆ ಹೊರಟವನು ರೈಲಿನಲ್ಲಿ ನಿದ್ದೆ ಹೋಗಿ ಕೊನೆಯ ನಿಲ್ದಾಣದಲ್ಲಿ ಇಳಿದೆ. ಎದುರಿಗೆ ಸಮುದ್ರ. ಆಕ್ಲೆಂಡಿನಲ್ಲಿ ನಾಲ್ಕು ಕಡೆ ಇರುವ ಸಮುದ್ರವನ್ನು ನೋಡಲು ನಾನು ಅರ್ಧ ಭೂಮಿ ದಾಟಿ ಬಂದಿದ್ದೆ. ಆದರೂ ಕೆಲಸ ಕೆಲಸವೇ. ಬ್ಯಾಗಿನಿಂದ ರೀಟಾಳ ಶೂ ತೆಗೆದು, ಕುಕ್ಕರಗಾಲಿನಲ್ಲಿ ಕೂತು, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು, ಎಡ, ಬಲ, ಎಡ, ಬಲ ಎಂದು ಮರಳಿನ ಮೇಲೆ ನಡೆಸಿದೆ. ನೋಡಿದ ಇಟಲಿಯ ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಂಡರು.

ಎರಡನೆಯ ದಿನ ಕಾರಂಜಿಗಳ ತೋಟ. ಸೋಮವಾರ. ಬಾಗಿಲು ಹಾಕಿತ್ತು! ಗೇಟಿನ ಮುಂದೆಯೇ ಎಡ, ಬಲ ಮುಗಿಸಿದೆ.

ಮೂರನೆಯ ದಿನ ಸೈಕಲ್. ಎಂಟು ಜನರ ಗುಂಪಿಗೆ ಪಾವ್ಲಾ ಎಂಬ ಹುಡುಗಿ ಗೈಡು. ರೀಟಾಳ ಶೂಗಳನ್ನು ಮುಂದಿನ ಬುಟ್ಟಿಯಲ್ಲಿ ಕೂರಿಸಿ ಹೊರಟೆ. ಎರಡನೇ ತಿರುವಿನಲ್ಲಿ ಪಾವ್ಲಾ ಕಿರುಚಿದಳು: “ಬಲಗಡೆ! ಬಲಗಡೆ!”

“ನಮ್ಮ ದೇಶದಲ್ಲಿ ಎಡಗಡೆ!”

“ನಿಮ್ಮದು ಯಾವ ದೇಶ?”

“ಎರಡು ದೇಶ! ಎರಡರಲ್ಲೂ ಎಡಗಡೆ!”

ಎದುರಿನಿಂದ ಬಂದ ಬಸ್ಸಿನ ಡ್ರೈವರ್ ಇಟಾಲಿಯನ್ನಿನಲ್ಲಿ ನನ್ನ ವಂಶವನ್ನೆಲ್ಲ ಸ್ಮರಿಸಿದ.

ದಾರಿಯಲ್ಲಿ ಒಂದು ಪುಟ್ಟ ಚರ್ಚು. ಒಳಗೆ ಕಲ್ಲಿನ ಮೇಲೆ ಏಸುವಿನ ಬರಿಗಾಲಿನ ಗುರುತು ಇದೆ ಎಂದು ಪಾವ್ಲಾ ಹೇಳಿದಳು. ಕೊಳ್ಳೇಗಾಲದ ಹತ್ತಿರದ ನಮ್ಮೂರಿನಲ್ಲಿ ಚಪ್ಪಲಿ ಹೊರಗೆ ಬಿಟ್ಟೇ ಚರ್ಚಿನೊಳಗೆ ಹೋಗುವುದು. ಮೂವತ್ತು ವರ್ಷ ಹೊರಗಿದ್ದರೂ ಕಾಲು ಅದನ್ನು ಮರೆತಿಲ್ಲ. ಉಳಿದವರೆಲ್ಲ ಬೂಟುಗಾಲಿನಲ್ಲಿ ಧಾರಾಳವಾಗಿ ಒಳಗೆ ಹೋದರು. ನಾನೊಬ್ಬ ಶೂ ಬಿಚ್ಚಿ, ಮೆಟ್ಟಿಲ ಪಕ್ಕದಲ್ಲಿ ಇಟ್ಟೆ. ಬುಟ್ಟಿಯಲ್ಲಿದ್ದ ರೀಟಾಳದನ್ನೂ ತಂದು ನನ್ನದರ ಪಕ್ಕದಲ್ಲಿ ಇಟ್ಟೆ. ನಮ್ಮೂರಿನ ಚರ್ಚಿನ ಮುಂದೆ ಗಂಡ ಹೆಂಡತಿಯ ಚಪ್ಪಲಿ ಹಾಗೇ ಇರುತ್ತವೆ.

ಮೇಣದಬತ್ತಿ ಹಚ್ಚಿ, ಸಾಕಾಗುವಷ್ಟು ಅತ್ತು ಹೊರಬಂದೆ. ಅದೇ ಸೇಲಿನದಾದರೂ ತುಳಿದು ಹಳತಾದ ನನ್ನ ಶೂ ಅಲ್ಲೇ ಇತ್ತು. ಅವಳದು ಇರಲಿಲ್ಲ.

ನೋಡುತ್ತೇನೆ, ದೂರದಲ್ಲಿ ಬಿಳಿ ಶೂ ಹಾಕಿದ ಒಬ್ಬ ಹೆಂಗಸು ನಡೆದು ಹೋಗುತ್ತಿದ್ದಾರೆ! ಶೂಗೆ ಕಾಲು ತೂರಿಸಿ, ಸೈಕಲ್ ಹತ್ತಿ ಬೆನ್ನಟ್ಟಿದೆ. ಬ್ರೇಕ್ ಹಿಡಿಯುವುದನ್ನು ಸಲ್ಮಾ ಹೇಳಿಕೊಟ್ಟಿದ್ದಳು, ನಾನೇ ಮರೆತೆ. ಹಿಂದಿನ ದಿನದ ಮಳೆಯ ಕೆಸರಿನಲ್ಲಿ ಜಾರಿ, ಸರಿಯಾಗಿ ಅವರ ಪಾದಗಳ ಮೇಲೆ ಸಾಷ್ಟಾಂಗ ಬಿದ್ದೆ. ತಲೆಯೆತ್ತಿದರೆ, ವಯಸ್ಸಾದ ಒಬ್ಬ ಸನ್ಯಾಸಿನಿ! ಅವರ ಪಾದ ರೀಟಾಳದಕ್ಕಿಂತ ಎರಡು ಅಂಗುಲ ಉದ್ದ. ಭಕ್ತಿಗೆ ಮೆಚ್ಚಿ, ನನ್ನ ಹೆಲ್ಮೆಟ್ಟಿನ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ನಾನು ಅಲ್ಲೇ ಕೂತು ಮಗುವಿನಂತೆ ಅತ್ತೆ.

ಪಾವ್ಲಾ, ಗುಂಪಿನವರು ಎಲ್ಲ ಸೇರಿ ಒಂದು ಗಂಟೆ ಹುಡುಕಿದರು. ಸಿಗಲಿಲ್ಲ. ಅವಳನ್ನು ಎರಡನೇ ಸಲ ಕಳೆದುಕೊಂಡಂತಾಯಿತು, ಅದೂ ನನ್ನ ಕೈಯಾರೆ.

ಒಂದೇ ಸಮಾಧಾನ. ನನ್ನ ಶೂ ತಳದಲ್ಲಿ ಆ ರಸ್ತೆಯ ಕೆಸರು ದಪ್ಪಗೆ ಮೆತ್ತಿತ್ತು. ಅವಳದಲ್ಲದಿದ್ದರೆ ನನ್ನದನ್ನಾದರೂ ಸಮಾಧಿಯ ಹತ್ತಿರ ತೋರಿಸೋಣ ಎಂದು ಆ ಕೆಸರನ್ನು ಮುಟ್ಟದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದೆ.

ಹೊರದೇಶದ ಮಣ್ಣಿಗೆ ನಮ್ಮಲ್ಲಿ ಪ್ರವೇಶವಿಲ್ಲ. ಅದಕ್ಕೇ ಆಕ್ಲೆಂಡ್ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ‘ಮಣ್ಣಾದ ಶೂ ಇದೆಯೇ’ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದೆ. ಹೆಂಡತಿಗೆ ನಿಜ ಹೇಳದ ನಾನು, ಜೀವನದಲ್ಲಿ ಮೊದಲ ಸಲ ನಿಜ ಹೇಳಿದ್ದು ಸರ್ಕಾರಕ್ಕೆ! ತಪಾಸಣೆಯ ಅಧಿಕಾರಿ ಬಹಳ ಒಳ್ಳೆಯ ಮನುಷ್ಯ. “ಕ್ಲೀನ್ ಮಾಡಿ ಕೊಡ್ತೀನಿ, ಎರಡೇ ನಿಮಿಷ” ಎಂದು ಚೀಲ ತೆಗೆದುಕೊಂಡು ಒಳಗೆ ಹೋದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಬ್ರಷ್ ಹಾಕಿ ತಿಕ್ಕಿ, ತೊಳೆದು, ಒರೆಸಿ, ನಗುನಗುತ್ತಾ ತಂದುಕೊಟ್ಟರು.

ಹೊರಗೆ ಸಲ್ಮಾ ಕಾರು ತಂದಿದ್ದಳು. ಶೂ ತಿರುಗಿಸಿ ನೋಡಿದಳು.

“ಏನ್ರೀ ಅಣ್ಣಾರ, ಈಗ ಅಂಗಡ್ಯಾಗಿಂದ ತಂದಂಗ ಐತಲ್ರೀ!”

ನಡೆದದ್ದೆಲ್ಲ ಹೇಳಿದೆ. ಅವಳು ನಗಲು ಶುರುಮಾಡಿ, ಅರ್ಧದಲ್ಲಿ ದುಪಟ್ಟಾದಿಂದ ಕಣ್ಣೊರೆಸಿಕೊಂಡು, ಕಾರನ್ನು ಸ್ಮಶಾನದ ಕಡೆಗೆ ತಿರುಗಿಸಿದಳು.

ಸಮಾಧಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಶೂಗಳ ತಳ ಮೇಲೆ ಮಾಡಿ ಹಿಡಿದೆ. ಬಿಸಿಲಿಗೆ ಪಳಪಳ ಹೊಳೆದವು. ವರ್ಷ ವರ್ಷವೂ ನನ್ನ ಸಬೂಬುಗಳನ್ನು ಕೇಳಿದ್ದ ನನ್ನ ರೀಟಾ ಏನೆನ್ನುತ್ತಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು.

“ರೀ, ನಿಜ ಹೇಳಿ. ಈ ವರ್ಷಾನೂ ಹೋಗ್ಲಿಲ್ಲ ಅಲ್ವಾ?”