ಹಲ್ಲು ನೋಡುವ ಮಾಮ

ನಮ್ಮ ಮಾಮನ ಮುಂದೆ ಯಾರೂ ಬಾಯಿಬಿಟ್ಟು ನಗಬಾರದು. ನಕ್ಕರೆ ಅವನಿಗೆ ನಿಮ್ಮ ನಗು ಕಾಣುವುದಿಲ್ಲ, ಹಲ್ಲು ಕಾಣುತ್ತದೆ! "ಅಗದಿ ಗಟ್ಟಿ ದವಡಿಹಲ್ಲೈತ್ರಿ ನಿಮ್ದು. ಇನ್ನ ಐದ ಸಾವಿರ ವರ್ಷ ಬಿಟ್ಟು ತಗದ್ರೂ ಒಳಗಿನ ಡಿಎನ್‌ಎ ಓದಬಹುದು" ಎಂದು ಮದುವೆಯ ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳುತ್ತಾನೆ. ಹೋಳಿಗೆ ಬಾಯಿಗಿಟ್ಟ ಮನುಷ್ಯನಿಗೆ ಅವನು ಸತ್ತ ಮೇಲಿನ ಭವಿಷ್ಯ ಹೇಳುವುದು ಎಂಥ ಉಪಚಾರ, ನೀವೇ ಹೇಳಿ!

ಮಾಮ ನನ್ನ ತಾಯಿಯ ತಮ್ಮ. ಯರಗುಪ್ಪಿಯವನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ. ನಿವೃತ್ತರಾದವರು ಗುಡಿಯ ಕಟ್ಟೆ ಹಿಡಿಯುತ್ತಾರೆ, ಇಲ್ಲವೆ ಹೊಲ ಹಿಡಿಯುತ್ತಾರೆ. ಇವನು ಸಾವಿರಾರು ವರ್ಷದ ಹಿಂದೆ ಸತ್ತವರನ್ನು ಹಿಡಿದ. ಅವರ ಹಲ್ಲನ್ನೋ ಕಿವಿಯ ಹತ್ತಿರದ ಗಟ್ಟಿ ಎಲುಬನ್ನೋ ಕೊರೆದು, ಅದರಲ್ಲಿ ಉಳಿದ ಡಿಎನ್‌ಎ ಓದಿ, ಆ ಜನ ಎಲ್ಲಿಂದ ನಡೆದು ಬಂದರು, ದಾರಿಯಲ್ಲಿ ಯಾರ ಜೊತೆ ಬೆರೆತರು ಎಂದು ಹೇಳುತ್ತಾರೆಂಬುದನ್ನು ಪೇಪರಿನಲ್ಲಿ ಓದಿದ್ದೇ ನೆಪ. ಆಮೇಲೆ ಊಟಕ್ಕೂ ಅದೇ ಮಾತು, ಚಹಾಕ್ಕೂ ಅದೇ ಮಾತು.

ಈ ಹುಚ್ಚಿಗೆ ಒಂದು ಕಾರಣವಿದೆ. ನಮ್ಮ ಕಡೆ ನಮಸ್ಕಾರದ ಜಾಗದಲ್ಲಿ "ಯಾರ ಪೈಕಿ?" ಎಂದು ಕೇಳುತ್ತಾರೆ. ಬಸ್ಸಿನಲ್ಲಿ ಬಾಜು ಕೂತವರು ಟಿಕೇಟು ತೆಗೆಸುವ ಮೊದಲೇ ಕೇಳುತ್ತಾರೆ. ಸಣ್ಣವನಿದ್ದಾಗ ಮಾಮನ ಹತ್ತಿರ ಇದಕ್ಕೆ ಅರ್ಧ ಉತ್ತರ ಮಾತ್ರ ಇತ್ತು. ಅಪ್ಪನ ಕಡೆಯದು ಗೊತ್ತು. ತಾಯಿಯದು, ಅಂದರೆ ನನ್ನ ಅಜ್ಜಿಯದು, ಗೊತ್ತಿಲ್ಲ. ನಾಲ್ಕು ವರ್ಷದ ಹುಡುಗಿಯಾಗಿದ್ದಾಗ ಅಜ್ಜಿ ನವಲಗುಂದದ ಸಂತೆಯಲ್ಲಿ ಯಾರದೋ ಕೈತಪ್ಪಿ ಅಳುತ್ತ ನಿಂತಿದ್ದಳಂತೆ. ಏನು ಕೇಳಿದರೂ "ಅವ್ವಾ" ಎಂಬ ಒಂದೇ ಮಾತು. ಮಕ್ಕಳಿಲ್ಲದ ಮುದಿ ದಂಪತಿ ಕರೆದೊಯ್ದು ಸಾಕಿದರು, ಮದುವೆ ಮಾಡಿಕೊಟ್ಟರು, ತೀರಿಕೊಂಡರು.

ಪಂಚಮಿ ಬಂತೆಂದರೆ ಊರಿನ ಸೊಸೆಯಂದಿರನ್ನೆಲ್ಲ ಅಣ್ಣತಮ್ಮಂದಿರು ಬಂದು ತವರಿಗೆ ಕರೆದೊಯ್ಯುತ್ತಿದ್ದರು. ಅಜ್ಜಿಯನ್ನು ಕರೆಯಲು ಯಾರು ಬರಬೇಕು? ಅವಳು ಎಳ್ಳಿನ ಉಂಡಿ ಕಟ್ಟಿ, ಮಕ್ಕಳ ಕೈಗಿಟ್ಟು, ಬಾಗಿಲಲ್ಲಿ ಕೂತು ದಾರಿ ನೋಡುತ್ತಿದ್ದಳು. "ಯಾರ ದಾರಿ ನೋಡ್ತಿ ಬೇ?" ಎಂದರೆ "ಸುಮ್ನ ಕುಂತೇನೋ" ಎನ್ನುತ್ತಿದ್ದಳಂತೆ. ಅವ್ವನ ತವರು ಯಾವುದೆಂದು ತಿಳಿಯಬೇಕೆಂಬ ಆಸೆ ಮಾಮನಿಗೆ ಆಗಿನಿಂದ. ಅಜ್ಜಿ ಹೋಗಿ ಇಪ್ಪತ್ತು ವರ್ಷವಾದರೂ ಆಸೆ ಹೋಗಿರಲಿಲ್ಲ. "ಕಾಗದ ಇಲ್ಲ, ಸಾಕ್ಷಿ ಇಲ್ಲ, ಆದ್ರೂ ಎಲ್ಲಿಯವರಂತ ಹೇಳ್ತಾರ ನೋಡವಾ!" ಎಂದು ನನಗೆ ಫೋನು ಮಾಡಿ ಕುಣಿದಿದ್ದ.

ಕುಣಿಯಲಿ ಬಿಡಿ. ಆದರೆ ನನ್ನ ನಾದಿನಿಯನ್ನು ನೋಡಲು ಅಣ್ಣಿಗೇರಿಯವರು ಬಂದ ದಿನವೂ ಕುಣಿಯಬೇಕೆ? ಅವಲಕ್ಕಿ ತಿನ್ನುತ್ತ ವರನ ಅಜ್ಜ, "ನಮ್ದು ಹನ್ನೆರಡು ತಲಿಮಾರು ಗೊತ್ತೈತ್ರಿ. ಎಳ್ಳಷ್ಟೂ ಬೆರಕಿ ಇಲ್ಲ" ಎಂದರು.

"ಅದರ ಹಿಂದಿಂದ್ರಿ?" ಮಾಮ ಕೇಳಿಯೇಬಿಟ್ಟ.

ನಾನು ಕಾಲು ತುಳಿದೆ. ಪ್ರಯೋಜನವಾಗಲಿಲ್ಲ. "ಬೆರಕಿ ಇಲ್ಲದಾವ್ರು ಜಗತ್ತಿನ್ಯಾಗ ಯಾರೂ ಇಲ್ರೀ ಯಜಮಾನ್ರ. ಒಂದೊಂದು ಕಾಲಕ್ಕ ಒಂದೊಂದು ಮಂದಿ ಬಂದ್ರು, ಬೆರತ್ರು. ಹಿಂದಕ್ಕ ಹಿಂದಕ್ಕ ಹೋದ್ರ ಎಲ್ಲಾರೂ ಆಫ್ರಿಕಾದಿಂದ ನಡಕೊಂತ ಬಂದಾವ್ರ."

ಅಜ್ಜ ತಟ್ಟೆ ಕೆಳಗಿಟ್ಟು ಬೆರಳು ಮಡಿಚಿ ನೆಂಟರನ್ನೆಲ್ಲ ಎಣಿಸಿದರು. "ಇಲ್ರಿ, ನಿಮಗ ಯಾರೋ ತಪ್ಪು ಹೇಳ್ಯಾರ. ಆಫ್ರಿಕಾದಾಗ ನಮ್ಮ ಪೈಕಿ ಯಾರೂ ಇಲ್ಲ. ಎಲ್ಲಾ ಅಣ್ಣಿಗೇರಿ ಸುತ್ತಮುತ್ತನ ಅದಾರ!"

ಸಂಬಂಧವೇನೋ ಕುದುರಿತು. ಮದುವೆಯಲ್ಲಿ ಮಾತ್ರ ಮಾಮನನ್ನು ಬೀಗರಿಂದ ನಾಲ್ಕು ಸಾಲು ದೂರ ಕೂರಿಸಿದೆವು.

ಹೋದ ವರ್ಷ ಹೊಲದಲ್ಲಿ ಕೃಷಿಹೊಂಡ ತೋಡಿಸಿದ. ಬೇರೆಯವರಾದರೆ ನೀರು ನಿಲ್ಲುತ್ತದೋ ಇಲ್ಲವೋ ನೋಡುತ್ತಾರೆ. ಇವನು ತನ್ನ ಹೆಂಡತಿ, ನಮ್ಮ ಅತ್ತೆಯ ಜೋಳ ಸೋಸುವ ಜರಡಿ ಒಯ್ದು, ಜೆಸಿಬಿ ಎತ್ತಿ ಹಾಕಿದ ಮಣ್ಣನ್ನು ಸೋಸುತ್ತ ಕೂತ! ಮೂರನೇ ದಿನ ಆಳುದ್ದ ಕೆಳಗಿನ ಮಣ್ಣಿನಲ್ಲಿ ಒಂದು ಹಲ್ಲು ಸಿಕ್ಕಿತು. "ನಿಲ್ಲಸೋ ಗಾಡಿ!" ಎಂದು ಕೂಗಿದ ರಭಸಕ್ಕೆ ಡ್ರೈವರ್ ಹಾವು ಎಂದುಕೊಂಡು ಸೀಟಿನ ಮೇಲೆ ಹತ್ತಿ ನಿಂತನಂತೆ.

ಮಾಮ ಹಲ್ಲಿಗೆ ಬರಿಗೈ ಹಚ್ಚಲಿಲ್ಲ. ತನ್ನ ಡಿಎನ್‌ಎ ತಾಗಿದರೆ ಅದರದು ಕೆಡುತ್ತದಂತೆ. ಮುಖಕ್ಕೆ ಮಾಸ್ಕು, ತಲೆಗೆ ಪ್ಲಾಸ್ಟಿಕ್ ಚೀಲ, ಕೈಯಲ್ಲಿ ಬೆಂಕಿಯಲ್ಲಿ ಸುಟ್ಟ ಇಕ್ಕಳ. ಹಲ್ಲು ಸ್ಟೀಲ್ ಡಬ್ಬಿ ಸೇರಿತು, ಡಬ್ಬಿ ಫ್ರಿಜ್ಜಿನಲ್ಲಿ ಮೊಸರಿನ ಬಾಜು ಸೇರಿತು. ಅತ್ತೆ ಸುಮ್ಮನಿರುತ್ತಾಳೆಯೇ?

"ದಿನಾ ಸಾರಿನ್ಯಾಗ ನಿಮ್ಮ ಕೂದಲಾ ಬೀಳ್ತಾವು. ಅದಕ್ಕಿಲ್ಲದ ಮಡಿ ಯಾವನೋ ಸತ್ತಾವನ ಹಲ್ಲಿಗೆ ಬಂತಲ್ರಿ?"

"ಯಾವನೋ ಅಲ್ಲ. ನಮ್ಮ ಹಿರೇರು!"

"ಹಿರೇರಾದ್ರ ದೇವರ ಜಗಲಿ ಮ್ಯಾಲೆ ಇಡ್ರಿ. ನನ್ನ ಫ್ರಿಜ್ಜಿನ್ಯಾಗ ಯಾಕ?"

ಮಾಮನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರದ ಊರಿನಲ್ಲಿ ಇಂಥದೇ ಹಳೆಯ ಎಲುಬುಗಳ ಸಂಶೋಧನೆ ಮಾಡುತ್ತಾಳೆ. ರಜೆಗೆ ಊರಿಗೆ ಬಂದವಳನ್ನು ಮಾಮ ಹಿಡಿದು ತಂದ. ಅವತ್ತು ನಾನೂ ಅಲ್ಲಿದ್ದೆ. ಅವಳು ಭೂತಗನ್ನಡಿ ಹಿಡಿದು ಹಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಸರ್, ಇದು ಅಷ್ಟೇನ್ ಹಳೇದಲ್ರಿ. ಎಲಿ-ಅಡಿಕಿ ಕರಿ ಇನ್ನೂ ಹಂಗ ಐತಿ ನೋಡ್ರಿ."

"ಆಳುದ್ದ ಕೆಳಗ ಸಿಕ್ಕೈತಲ್ಲವಾ?"

"ನಿಮ್ದು ಎರಿಹೊಲ ಅಲ್ರಿ ಸರ್? ಬ್ಯಾಸಿಗ್ಯಾಗ ಬಿರುಕು ಬಿಟ್ರ ಮ್ಯಾಲಿಂದು ಕೆಳಗ ಹೋಗ್ತೈತಿ ಅಂತ ಎಂಟನೇ ಕ್ಲಾಸಿನ್ಯಾಗ ನೀವ ಕಲಿಸಿದ್ರಿ."

ಮೂವತ್ತು ವರ್ಷ ಎರೆಮಣ್ಣಿನ ಪಾಠ ಹೇಳಿದ ಮಾಸ್ತರ ತನ್ನ ಹೊಲದ ಬಿರುಕನ್ನೇ ಮರೆತಿದ್ದ! ಅತ್ತೆ, ನಾನು ಬಾಯಿಬಿಟ್ಟು ನಕ್ಕೆವು. ಮಾಮ ನಮ್ಮ ಹಲ್ಲು ನೋಡಲಿಲ್ಲ. ಡಬ್ಬಿಯಲ್ಲಿದ್ದ ಹಲ್ಲನ್ನು ಬರಿಗೈಯಿಂದ ಎತ್ತಿ ಅಂಗೈ ಮೇಲಿಟ್ಟುಕೊಂಡ.

"ಇದು ಅವ್ವಂದು" ಎಂದ.

ಆಗ ಅವನಿಗೆ ಎಂಟೊಂಬತ್ತು ವರ್ಷವಂತೆ. ಇದೇ ಹೊಲದಲ್ಲಿ ಕಡಲೆ ಕೀಳುವ ದಿನ, ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಕಡಿದ ಅಜ್ಜಿಯ ಎಲೆ-ಅಡಿಕೆಗೆ ಕಪ್ಪಾದ, ಅಲ್ಲಾಡುತ್ತಿದ್ದ ಹಲ್ಲು ಕೈಗೆ ಬಂತು. ಮಕ್ಕಳ ಹಾಲುಹಲ್ಲು ಬಿದ್ದರೆ ಹುಟ್ಟಿದ ಮನೆಯ ಮಾಳಿಗೆ ಮೇಲೆ ಎಸೆಯುವುದು ರೂಢಿ. "ಇದನ್ನ ಯಾವ ಮಾಳಗಿ ಮ್ಯಾಲೆ ಒಗೀತಿ ಬೇ? ನಿನ್ನ ತವರಮನಿ ಎಲ್ಲೈತಿ?" ಎಂದು ಮಾಮ ಕೇಳಿದ. ಅಜ್ಜಿ ನಕ್ಕಳು. ಕಾಲ ಬಳಿ ಬಾಯಿಬಿಟ್ಟಿದ್ದ ಬಿರುಕಿನಲ್ಲಿ ಹಲ್ಲು ಹಾಕಿ, "ನನ್ನ ತವರಮನಿ ಇದ ನೋಡಪಾ" ಎಂದಳಂತೆ.

ಇದು ಅದೇ ಹಲ್ಲು ಎನ್ನಲು ಪುರಾವೆ ಏನು? ಎಲ್ಲದಕ್ಕೂ ಪುರಾವೆ ಕೇಳುವ ಮಾಸ್ತರ ಅವತ್ತು ಕೇಳಲಿಲ್ಲ. ನಾವೂ ಕೇಳಲಿಲ್ಲ.

"ಇದರಾಗಿಂದ ಆಕಿ ಊರು ತಿಳೀತೈತೇನವಾ?" ಎಂದು ಮಾತ್ರ ಆ ಹುಡುಗಿಯನ್ನು ಕೇಳಿದ.

"ಹಲ್ಲ್ಯಾಕ್ರಿ ಸರ್? ತಾಯಿ ಕಡಿ ಡಿಎನ್‌ಎ ಎಳಿ ನಿಮ್ಮೊಳಗ ಐತಲ್ರಿ. ಅವ್ವನಿಂದ ಗಂಡಿಗೂ ಬರ್ತೈತಿ, ಹೆಣ್ಣಿಗೂ ಬರ್ತೈತಿ. ಮುಂದಕ್ಕ ಕೊಡಾವ್ರು ಮಾತ್ರ ಹೆಣ್ಮಕ್ಕಳು."

ಇಷ್ಟು ದಿನ ಊರವರ ಬಾಯಲ್ಲಿ ಹುಡುಕಿದ್ದು ಅವನ ಮೈಯಲ್ಲೇ ಇತ್ತು! ಅವಳು ಪರೀಕ್ಷೆಗೆ ಮಾಮನ ಉಗುಳು ತೆಗೆದುಕೊಂಡು ಹೋದಳು. ನಾಲ್ಕು ತಿಂಗಳಿಗೆ ಫೋನು ಬಂತು. ಇದು ಈ ನಾಡಿಗೆ ಮೊಟ್ಟಮೊದಲು ಕಾಲಿಟ್ಟವರಿಂದ ಬಂದ ಎಳೆ, ಹತ್ತಾರು ಸಾವಿರ ವರ್ಷದಿಂದ ಇಲ್ಲೇ ಇದೆ, ಎಲ್ಲ ಜಾತಿಯವರಲ್ಲೂ ಹರಡಿದೆ ಎಂದಳು. "ಊರು ಮಾತ್ರ ಹೇಳಾಕ ಬರೂದಿಲ್ರಿ ಸರ್. ಆದ್ರ ನಾವು ಯಾವ ಯಾವ ಊರು ನಮ್ದು ಅಂತೀವಿ, ಅವು ಹುಟ್ಟೂಕಿಂತ ಮೊದಲ ನಿಮ್ಮವ್ವನ ಮಂದಿ ಇಲ್ಲಿದ್ರು." ಪಾಪ, ಅವನಿಗೆ ಬೇಕಾಗಿದ್ದದ್ದು ಒಂದು ಊರು, ಒಂದು ಮನೆ, ಒಂದು ಬಾಗಿಲು. ನನಗೆ ಸಂಕಟವಾಯಿತು.

ಈ ಪಂಚಮಿಗೆ ಎಂದಿನಂತೆ ನವಲಗುಂದದ ನನ್ನ ಗಂಡನ ಮನೆಗೆ ಮಾಮ ನನ್ನನ್ನು ಕರೆಯಲು ಬಂದ. ನನ್ನ ತಾಯಿ ಹೋದ ಮೇಲೆ ಮಾಮನ ಮನೆಯೇ ನನಗೆ ತವರು. ಯರಗುಪ್ಪಿಯಲ್ಲಿ ಬಸ್ಸಿಳಿದವನು ಮನೆಗೆ ಹೋಗಲಿಲ್ಲ, ಹೊಲದ ದಾರಿ ಹಿಡಿದ. ಮಳೆ ಬಿದ್ದ ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಎತ್ತುವುದೂ ಕಷ್ಟ. ಬೈಯುತ್ತಲೇ ಹಿಂದೆ ಹೋದೆ. ಬದುವಿನ ಮೇಲೆ ಕೂತು ಚೀಲ ಬಿಚ್ಚಿದ. ಹಸಿರು ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ-ಅಡಿಕೆ, ಎರಡು ಉಂಡಿ. ತವರಿಗೆ ಬಂದ ಮಗಳಿಗೆ ಉಡಿ ತುಂಬಲು ಏನೇನು ಬೇಕೋ ಎಲ್ಲ. ಜೊತೆಗೆ ಆ ಸ್ಟೀಲ್ ಡಬ್ಬಿ.

"ಉಡಿ ನೀ ತುಂಬವಾ" ಎಂದ. "ಅವ್ವನ ಎಳಿ ನನ್ನಲ್ಲೇ ನಿಂತು ಹೋಗ್ತೈತಿ. ಮುಂದ ಒಯ್ಯಾಕಿ ನೀನ."

ಅವನು ಕೈಯಿಂದಲೇ ಮಣ್ಣು ಬಗೆದ. ನಾನು ಖಣ ಹಾಸಿ ಅಕ್ಕಿ ಸುರಿದೆ, ಒಂದೊಂದಾಗಿ ಎಲ್ಲ ಇಟ್ಟೆ. ಕಣ್ಣು ತುಂಬಿ ಉತ್ತತ್ತಿ ಯಾವುದು, ಅಡಿಕೆ ಯಾವುದು ತಿಳಿಯಲಿಲ್ಲ. ಮಾಮ ಹಲ್ಲನ್ನು ಎಲ್ಲದರ ನಡುವೆ ಇಟ್ಟು, ಮಣ್ಣು ಮುಚ್ಚಿ, ಅದರ ಮೇಲೆ ಅಂಗೈ ಊರಿ ಮೆಲ್ಲಗೆ ಹೇಳಿದ:

"ಅವ್ವಾ, ತವರಿಗೆ ಬಂದಿ ನೋಡು. ಇನ್ನ ಯಾರ ದಾರೀನೂ ನೋಡಬ್ಯಾಡ."